ಮಿಲ್ಟ್ರಿಗೆ ಹೊರಟ ಮಗನ ಜೊತೆ ಕೂತು ಲೆಕ್ಕ ಹಾಕುವುದು ಹೇಗೆ?

ಬೈಲಹೊಂಗಲದ ಹತ್ತಿರದ ಹಳ್ಳಿಯಿಂದ ಅಕ್ಕ ಫೋನ್ ಮಾಡಿದ್ದಳು. ಪಿಯುಸಿ ಮುಗಿಸಿದ ಮಗ ಮಿಲ್ಟ್ರಿಗೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದ. ಬೇಡ ಅನ್ನಲು ಅವಳಿಗೆ ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯವಿಲ್ಲ. ‘ನೀನಾದ್ರೂ ಅವನ ಜೊತೆ ಮಾತಾಡೋ ತಮ್ಮಾ’ ಎಂದಳು.

ನಮ್ಮ ಬೆಳಗಾವಿ ಕಡೆ ಇದು ಹೊಸ ಮಾತಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಇರುವುದೇ ಬೆಳಗಾವಿಯಲ್ಲಿ. ಆದರೆ ಊರಿನ ಮಾಜಿ ಸೈನಿಕರನ್ನು ನೋಡಿ ಇವತ್ತಿನ ಹುಡುಗ ನಿರ್ಧಾರ ಮಾಡಿದರೆ ಲೆಕ್ಕ ತಪ್ಪುತ್ತದೆ. ಅವರಿಗೆ ಪಿಂಚಣಿ ಇದೆ, ಮಿಲ್ಟ್ರಿ ಕ್ಯಾಂಟೀನ್ ಇದೆ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಸಿಪಾಯಿಯ ನೇಮಕಾತಿಯೇ ಬದಲಾಗಿದೆ. ಈಗ ಹುಡುಗರನ್ನು ಮೊದಲು ನಾಲ್ಕೇ ವರ್ಷಕ್ಕೆ, ‘ಅಗ್ನಿವೀರ’ ಎಂಬ ಹೆಸರಿನಲ್ಲಿ ಸೇರಿಸಿಕೊಳ್ಳುತ್ತಾರೆ. ಹಾಗಾಗಿ ನಾನೂ ಅಕ್ಕನ ಮಗನೂ ಒಂದು ಹಾಳೆ, ಒಂದು ಪೆನ್ನು ಹಿಡಿದು ಕೂತೆವು. ನೀವೂ ಹಾಗೇ ಮಾಡಬಹುದು.

1. ಮೊದಲು ಕೇಳಿಸಿಕೊಳ್ಳಿ

ಬುದ್ಧಿ ಹೇಳಲು ಹೋಗಬೇಡಿ. ‘ಯಾಕೆ ಹೋಗಬೇಕು ಅನ್ನಿಸ್ತು?’ ಎಂದು ಕೇಳಿ ಸುಮ್ನೆ ಕೂತುಬಿಡಿ. ಅಳಿಯ ಮೊದಲು ದೇಶಸೇವೆ ಎಂದ. ಸ್ವಲ್ಪ ಹೊತ್ತಾದ ಮೇಲೆ ಗೆಳೆಯರೆಲ್ಲ ರನ್ನಿಂಗ್ ಹೋಗ್ತಾರೆ ಎಂದ. ಕೊನೆಗೆ, ತಲೆ ತಗ್ಗಿಸಿ, ‘ಅವ್ವನ ಮೇಲೆ ಇನ್ನೂ ಎಷ್ಟು ದಿನ ಭಾರ ಆಗ್ಲಿ ಮಾಮಾ’ ಎಂದ. ಮೂರೂ ನಿಜವೇ. ಆದರೆ ಸೈನ್ಯವೇ ಬೇಕೋ, ಯಾವುದಾದರೂ ಯೂನಿಫಾರ್ಮ್ ಆದೀತೋ, ಬೇಗ ಸಂಬಳ ಬಂದರೆ ಸಾಕೋ? ಈ ಮೂರು ಪ್ರಶ್ನೆಗೆ ಮೂರು ಬೇರೆ ದಾರಿಗಳಿವೆ. ಅವನ ಉತ್ತರವನ್ನು ಅವನ ಕೈಯಿಂದಲೇ ಹಾಳೆಯ ಮೇಲ್ಗಡೆ ಬರೆಸಿ.

2. ಅಗ್ನಿವೀರನ ಲೆಕ್ಕ ಪೂರ್ತಿ ಬರೆಯಿರಿ

ಯೋಜನೆಯ ಪ್ರಕಾರ ತಿಂಗಳ ಮೊತ್ತ ಮೊದಲ ವರ್ಷ 30,000, ಎರಡನೇ ವರ್ಷ 33,000, ಮೂರನೇ ವರ್ಷ 36,500, ನಾಲ್ಕನೇ ವರ್ಷ 40,000 ರೂಪಾಯಿ. ಇದರಲ್ಲಿ ಶೇ 30, ನಾಲ್ಕು ವರ್ಷ ಮುಗಿದಾಗ ಒಟ್ಟಿಗೆ ಕೈಗೆ ಸಿಗುವ ‘ಸೇವಾ ನಿಧಿ’ಗೆ ಹೋಗುತ್ತದೆ. ಕೈಗೆ ಬರುವುದು ಮೊದಲ ವರ್ಷ 21,000, ಕೊನೆಯ ವರ್ಷ 28,000. ಹುಡುಗ ನಿಧಿಗೆ ಹಾಕಿದಷ್ಟೇ ಹಣವನ್ನು ಸರ್ಕಾರವೂ ಹಾಕುತ್ತದೆ. ನಾಲ್ಕು ವರ್ಷಕ್ಕೆ ಇಬ್ಬರದೂ ಸೇರಿ 10.04 ಲಕ್ಷ, ಅದರ ಮೇಲೆ ಬಡ್ಡಿ. ಇದಕ್ಕೆ ಆದಾಯ ತೆರಿಗೆ ಇಲ್ಲ. ಸೇವೆಯಲ್ಲಿರುವಾಗ 48 ಲಕ್ಷದ ಜೀವವಿಮೆ ಇದೆ, ಅದಕ್ಕೆ ಹುಡುಗ ಕಂತು ಕಟ್ಟಬೇಕಿಲ್ಲ. ಊಟ, ವಸತಿಗೆ ಖರ್ಚಿಲ್ಲ. ಹದಿನೆಂಟು ವಯಸ್ಸಿಗೆ ಇದು ಕಡಿಮೆ ಹಣವಲ್ಲ.

ಈಗ ಹಾಳೆಯ ಇನ್ನೊಂದು ಬದಿ. ತರಬೇತಿಯೂ ಸೇರಿ ನಾಲ್ಕು ವರ್ಷ ಮುಗಿದ ಮೇಲೆ ಹೆಚ್ಚೆಂದರೆ ನೂರರಲ್ಲಿ 25 ಜನರನ್ನು ಖಾಯಂ ಮಾಡಿಕೊಳ್ಳುತ್ತಾರೆ. ಅವರು ಮುಂದೆ ಕನಿಷ್ಠ 15 ವರ್ಷ ದುಡಿಯಬೇಕು. ಉಳಿದವರು ಮನೆಗೆ. ಅವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕರಿಗೆ ಸಿಗುವ ಕ್ಯಾಂಟೀನ್, ವೈದ್ಯಕೀಯ ಸೌಲಭ್ಯವೂ ಇಲ್ಲ. ನಾಲ್ಕು ವರ್ಷದೊಳಗೆ ಮದುವೆ ಆಗುವಂತಿಲ್ಲ. ವಿಶೇಷ ಸಂದರ್ಭ ಬಿಟ್ಟರೆ, ಬೇಸರವಾಯಿತೆಂದು ನಡುವೆ ಬಿಟ್ಟು ಬರುವಂತೆಯೂ ಇಲ್ಲ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ‘ನಮ್ಮ ಹುಡುಗ ಆ 25ರಲ್ಲಿ ಇದ್ದೇ ಇರ್ತಾನೆ’ ಎಂದು ಎಲ್ಲ ಮನೆಯವರೂ ನಂಬುತ್ತಾರೆ. ನಂಬಿ, ತಪ್ಪಿಲ್ಲ. ಆದರೆ ಲೆಕ್ಕವನ್ನು ಮಾತ್ರ ಉಳಿದ 75ರಲ್ಲಿ ಇದ್ದಾನೆ ಎಂದುಕೊಂಡೇ ಹಾಕಿ. ಆಗಲೂ ಅವನಿಗೆ ಒಂದು ದಾರಿ ಕಾಣುತ್ತಿದ್ದರೆ ಹೆದರಿಕೆ ಅರ್ಧ ಕಮ್ಮಿಯಾಗುತ್ತದೆ.

3. ಬೇರೆ ಕೆಲಸಗಳನ್ನೂ ಅದೇ ಹಾಳೆಯಲ್ಲಿ ಬರೆಯಿರಿ

ಯೂನಿಫಾರ್ಮ್ ಬೇಕು ಎನ್ನುವವರಿಗೆ ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ನಡೆಸುವ ಜಿಡಿ ಕಾನ್‌ಸ್ಟೇಬಲ್ ಪರೀಕ್ಷೆ ಇದೆ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್‌ನಂಥ ಕೇಂದ್ರ ಪಡೆಗಳಿಗೆ ಆಳು ತೆಗೆದುಕೊಳ್ಳುವುದು ಇದರಿಂದಲೇ. ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು. ಮೂಲ ವೇತನ 21,700ರಿಂದ ಶುರು, ಮೇಲೆ ಭತ್ಯೆಗಳು. ಕೆಲಸ ಖಾಯಂ. 2024ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇದು ನಮ್ಮ ಎಷ್ಟೋ ಹುಡುಗರಿಗೆ ಗೊತ್ತೇ ಇಲ್ಲ.

ಮನೆಯಿಂದ ದೂರ ಹೋಗಲು ಇಷ್ಟವಿಲ್ಲದವರಿಗೆ ರಾಜ್ಯ ಪೊಲೀಸ್. ಸಿವಿಲ್ ಕಾನ್‌ಸ್ಟೇಬಲ್‌ಗೆ ಪಿಯುಸಿ ಬೇಕು, ಸಶಸ್ತ್ರ ಮೀಸಲು ಪಡೆಗೆ ಎಸ್ಸೆಸ್ಸೆಲ್ಸಿ ಸಾಕು. ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ, ಕಾಯುವ ತಾಳ್ಮೆ ಬೇಕು.

ಓದಿನಲ್ಲಿ ಚುರುಕಾಗಿರುವ ಮಕ್ಕಳಿಗೆ ಎನ್‌ಡಿಎ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಬಗ್ಗೆ ದಯವಿಟ್ಟು ಹೇಳಿ. ಸಿಪಾಯಿಯಾಗಿ ಅಲ್ಲ, ಅಧಿಕಾರಿಯಾಗಿ ಸೈನ್ಯ ಸೇರುವ ದಾರಿ ಅದು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನವರೆಗೆ ಅವಕಾಶ. 2021ರಿಂದ ಹೆಣ್ಣುಮಕ್ಕಳೂ ಬರೆಯುತ್ತಿದ್ದಾರೆ. ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಕಷ್ಟ ಜಾಸ್ತಿ, ನಿಜ. ಆದರೆ ಹತ್ತನೇ ತರಗತಿಯಲ್ಲೇ ಯಾರಾದರೂ ಹೇಳಿದ್ದರೆ ತಯಾರಾಗಲು ಎರಡು ವರ್ಷ ಸಿಗುತ್ತಿತ್ತು, ಅಲ್ವಾ? ನನ್ನ ಅಳಿಯನಿಗೆ ನಾನೇ ಹೇಳಿರಲಿಲ್ಲ. ಅದು ನನಗೆ ಇವತ್ತಿಗೂ ನೋವು. ಡಿಗ್ರಿ ಮುಗಿಸಿದವರಿಗೆ ಅಧಿಕಾರಿಯಾಗಲು ಸಿಡಿಎಸ್ ಎಂಬ ಪರೀಕ್ಷೆ ಇದೆ, ಆ ಬಾಗಿಲು ಇನ್ನೂ ತೆರೆದಿದೆ.

ಕೈಕೆಲಸ ಇಷ್ಟವಾದರೆ ಐಟಿಐ, ಆಮೇಲೆ ಅಪ್ರೆಂಟಿಸ್. ಹೊಲ ಇದ್ದರೆ ಹೊಲವನ್ನೂ ಒಂದು ಸಾಲು ಬರೆಯಿರಿ. ಬಿಡಬೇಡಿ.

4. ‘25ನೇ ವಯಸ್ಸಿನಲ್ಲಿ’ ಎಂಬ ಸಾಲು ಸೇರಿಸಿ

ಮೊದಲ ಸಂಬಳ ನೋಡಿ ಹೋಲಿಸಬೇಡಿ. ಪ್ರತಿ ಕೆಲಸದ ಮುಂದೆ, 25 ವಯಸ್ಸಿಗೆ ಕೈಯಲ್ಲಿ ಎಷ್ಟು ಹಣ, ಯಾವ ಸರ್ಟಿಫಿಕೇಟ್, ಯಾವ ಕೆಲಸ ಎಂದು ಬರೆಯಿರಿ. ಅಗ್ನಿವೀರನ ಸಾಲಿನಲ್ಲಿ ನಾವು ಬರೆದದ್ದು ಇದು: ಸೇವಾ ನಿಧಿಯಲ್ಲಿ ಅರ್ಧ ಬ್ಯಾಂಕಿಗೆ. ಸೇವೆಯಲ್ಲಿದ್ದಾಗಲೇ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಡಿಗ್ರಿಗೆ ಹೆಸರು ಹಚ್ಚುವುದು. ಅಗ್ನಿವೀರರಿಗೆಂದೇ ಇರುವ ಆ ಡಿಗ್ರಿಯಲ್ಲಿ ಅರ್ಧ ಕ್ರೆಡಿಟ್ ಸೈನ್ಯದ ತರಬೇತಿಯಿಂದಲೇ ಸಿಗುತ್ತದೆ. ಹೊರಗೆ ಬಂದ ಮೇಲೆ ಕೇಂದ್ರ ಪಡೆಗಳಲ್ಲಿ ಅಗ್ನಿವೀರರಿಗೆ ಘೋಷಿಸಿದ ಮೀಸಲಾತಿ, ವಯಸ್ಸಿನ ಸಡಿಲಿಕೆ ಹಿಡಿದು ಅರ್ಜಿ ಹಾಕುವುದು. ಹೀಗೆ ಬರೆದಾಗ ಅವನ ಮುಖದಲ್ಲಿ ಗೆಲುವು ಕಂಡಿತು.

5. ಭರ್ತಿಗೆ ತಯಾರು ಮಾಡುವ ಅಕಾಡೆಮಿಗೆ ದುಡ್ಡು ಕಟ್ಟುವ ಮೊದಲು

ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು, ಕಿವಿ, ಪಾದ, ಮೊಣಕಾಲು ತೋರಿಸಿ. ಬಣ್ಣ ಗುರುತಿಸಲು ಆಗದಿರುವುದು, ಚಪ್ಪಟೆ ಪಾದ, ನಿಂತಾಗ ಮೊಣಕಾಲು ತಾಗುವುದು ಇವೆಲ್ಲ ಮೆಡಿಕಲ್‌ನಲ್ಲಿ ತೊಂದರೆ ಕೊಡುತ್ತವೆ. ವರ್ಷವಿಡೀ ಓಡಿದ ಮೇಲೆ ಗೊತ್ತಾದರೆ ಹುಡುಗ ಕುಸಿದುಹೋಗುತ್ತಾನೆ. ಅಧಿಸೂಚನೆಯಲ್ಲಿ ವಯಸ್ಸು, ಅಂಕ ಎರಡನ್ನೂ ನೀವೇ ಓದಿ. ವಯಸ್ಸಿನ ಮಿತಿ ಬದಲಾಗುತ್ತಿರುತ್ತದೆ.

‘ಒಳಗೆ ನಮ್ಮವರಿದ್ದಾರೆ’ ಎನ್ನುವ ಏಜೆಂಟ್ ಬಂದರೆ ಹೊಸ್ತಿಲಿನಿಂದಲೇ ಕಳಿಸಿ. ಭರ್ತಿಗೆ ದುಡ್ಡು ಕೊಡುವ ಮಾತೇ ಇಲ್ಲ. ನನ್ನ ಚಿಕ್ಕಪ್ಪ ಒಂದು ಎಮ್ಮೆ ಮಾರಿ ಕೊಟ್ಟಿದ್ದರು. ಎಮ್ಮೆಯೂ ಹೋಯಿತು, ಕೆಲಸವೂ ಇಲ್ಲ.

ಕೊನೆಗೆ ಒಂದು ಭೇಟಿ. ರಜೆ ಮೇಲೆ ಬಂದ ಅಗ್ನಿವೀರನೊಬ್ಬನ ಮನೆಗೆ ಹುಡುಗನನ್ನು ಕಳಿಸಿ. ನೀವು ಜೊತೆಗೆ ಹೋಗಬೇಡಿ. ಹಿರಿಯರ ಎದುರು ಹುಡುಗರು ನಿಜ ಮಾತಾಡುವುದು ಕಷ್ಟ. ಅದೇ ಹೊತ್ತಿಗೆ ಆ ಅಗ್ನಿವೀರನ ತಾಯಿಯ ಹತ್ತಿರ ನಿಮ್ಮಕ್ಕನನ್ನೋ ಹೆಂಡತಿಯನ್ನೋ ಕೂರಿಸಿ. ನಮ್ಮಕ್ಕ ಅಂಥ ಒಬ್ಬ ತಾಯಿಯ ಜೊತೆ ಎರಡು ತಾಸು ಕೂತಳು. ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಅಳಿಯ ಅಗ್ನಿವೀರ್, ಎಸ್‌ಎಸ್‌ಸಿ ಜಿಡಿ ಎರಡಕ್ಕೂ ಅರ್ಜಿ ಹಾಕಿದ. ಈಗ ಬೆಳಿಗ್ಗೆ ಐದಕ್ಕೆ ಅವನನ್ನು ಓಡಲು ಎಬ್ಬಿಸುವವಳು ಅವಳೇ.