ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ

ಡಯಾಪರ್ ಬದಲಿಸುತ್ತಿದ್ದ ಸಿಸ್ಟರ್ ಕರೆದರು. "ಡಾಕ್ಟ್ರೇ, ಎಡಗಾಲು ಸ್ವಲ್ಪ ದಪ್ಪ ಕಾಣ್ತಿದೆ, ನೋಡಿ."

ಹುಟ್ಟಿ 9 ದಿನದ ಮಗು, 3 ಕೆಜಿ ತೂಕ. ಔಷಧಿ ಕೊಡಲೆಂದು ಅದೇ ತೊಡೆಯ ಬುಡದ ಅಭಿಧಮನಿಗೆ ಲೈನ್, ಅಂದರೆ ತೆಳು ನಳಿಕೆ, ಹಾಕಿದ್ದೆ. ನವಜಾತ ಶಿಶುಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಇಂಥ ಲೈನ್ ಇರುವ ಕಡೆಯೇ. ಟೇಪ್ ತಂದು ಎರಡೂ ತೊಡೆಗಳನ್ನು ಮಂಡಿಯಿಂದ ಒಂದೇ ಎತ್ತರದಲ್ಲಿ ಅಳೆದೆ. ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ! ಚರ್ಮ ಸ್ವಲ್ಪ ನೀಲಿ, ಆದರೆ ಪಾದ ಬೆಚ್ಚಗಿತ್ತು, ನಾಡಿಯೂ ಸಿಗುತ್ತಿತ್ತು. ಕಾಲು ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಅಪಧಮನಿಯೇ ಕಟ್ಟಿಕೊಂಡಿದೆ ಅಂತ ಲೆಕ್ಕ, ಆಗ ಒಂದು ಗಂಟೆಯೂ ಕಾಯುವಂತಿಲ್ಲ.

ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತಪರೀಕ್ಷೆಗೆ ಕಳಿಸಲಿಲ್ಲ. ಹುಟ್ಟಿದ ಮಕ್ಕಳಲ್ಲಿ ಅದು ಸುಮ್ನೆ ಜಾಸ್ತಿಯೇ ಇರುತ್ತದೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದೆವು. ಚೆನ್ನಾಗಿರುವ ಅಭಿಧಮನಿ ಪ್ರೋಬ್‌ನಿಂದ ಮೆತ್ತಗೆ ಒತ್ತಿದರೆ ಚಪ್ಪಟೆಯಾಗುತ್ತದೆ. ಇದು ಆಗಲಿಲ್ಲ, ಅಂದರೆ ಒಳಗೆ ಹೆಪ್ಪು ಇದೆ.

ರಕ್ತ ತೆಳುವಾಗಿಸುವ ಮೊದಲು ತಲೆಯ ಸ್ಕ್ಯಾನ್ ಮಾಡಿಸಿ ಒಳಗೆ ರಕ್ತಸ್ರಾವ ಇಲ್ಲವೆಂದು ಖಚಿತಪಡಿಸಿಕೊಂಡೆ. ಪ್ಲೇಟ್‌ಲೆಟ್ ಕೂಡ ನೋಡಿದೆ. ಲೈನ್ ಮಾತ್ರ ತಕ್ಷಣ ಕೀಳಲಿಲ್ಲ. ಕಿತ್ತಾಗ ಹೆಪ್ಪಿನ ತುಣುಕು ಕಳಚಿಕೊಂಡರೆ, ಇನ್ನೂ ಮುಚ್ಚಿರದ ಹೃದಯದ ಕಿಂಡಿಯ ಮೂಲಕ ಮೆದುಳಿಗೆ ಹೋಗಬಹುದು ಅನ್ನೋ ಭಯ. 3 ದಿನ ಔಷಧಿ ಕೊಟ್ಟು ಆಮೇಲೆ ತೆಗೆದೆ.

ನನ್ನನ್ನು ಹೆಚ್ಚು ಕಾಡಿದ್ದು ಡೋಸ್. ಕೊಟ್ಟದ್ದು ಎನಾಕ್ಸಪರಿನ್, ರಕ್ತ ತೆಳುವಾಗಿಸುವ ಹೆಪಾರಿನ್ ಜಾತಿಯ ಔಷಧಿ. ಎರಡು ತಿಂಗಳೊಳಗಿನ ಮಗುವಿಗೆ ಅದು ಕೆಜಿಗೆ 1.5 ಮಿಲಿಗ್ರಾಂ, 12 ಗಂಟೆಗೊಮ್ಮೆ. ದೊಡ್ಡ ಮಕ್ಕಳಿಗೆ 1 ಸಾಕು. ಪುಟ್ಟ ದೇಹ ಔಷಧಿಯನ್ನು ಬೇಗ ಹೊರಹಾಕುತ್ತದೆ, ಹೆಪಾರಿನ್ ಕೆಲಸಕ್ಕೆ ಬೇಕಾದ ಆಂಟಿಥ್ರಾಂಬಿನ್ ಎಂಬ ರಕ್ತದ ಪ್ರೋಟೀನ್ ಕೂಡ ಅವರಲ್ಲಿ ಕಡಿಮೆ. ಈ ಮಗುವಿಗೆ ಬೇಕಿದ್ದದ್ದು 4.5 ಮಿಲಿಗ್ರಾಂ. ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುವ ಸಿರಿಂಜ್‌ನಿಂದ ಅಳೆದರೆ ಅದು ಬರೀ 0.045 ಎಂಎಲ್. ಒಂದು ಹನಿ ಆಚೀಚೆ ಆದರೂ ಡೋಸೇ ಬದಲಾಗುತ್ತೆ, ಅಲ್ವಾ? ಫಾರ್ಮಸಿಯಲ್ಲಿ ತೆಳು ಮಾಡಿಸಿಯೇ ಕೊಟ್ಟೆವು.

ಔಷಧಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಆಂಟಿ ಟೆನ್ ಎ ಪರೀಕ್ಷೆಗೆ, ಡೋಸ್ ಕೊಟ್ಟ 4 ಗಂಟೆಗೆ ರಕ್ತ ತೆಗೆದೆ. ಲೈನ್‌ನಿಂದಲ್ಲ; ಅದರೊಳಗಿನ ಹೆಪಾರಿನ್ ಬೆರೆತರೆ ಸುಳ್ಳು ಅಂಕಿ ಬರುತ್ತದೆ. ಗುರಿ 0.5ರಿಂದ 1. ಬಂದದ್ದು 0.3. ಡೋಸ್ ಕಾಲು ಭಾಗ ಏರಿಸಿದೆ. ಮುಂದಿನ ಸಲ 0.7.

"ಮನೆಗೆ ಹೋದ್ಮೇಲೆ ಸೂಜಿ ನಾನೇ ಚುಚ್ಬೇಕಾ ಡಾಕ್ಟ್ರೇ?" ಎಂದು ತಾಯಿ ಕೇಳಿದರು. ಕೈ ನಡುಗುತ್ತಿತ್ತು. ಸಿಸ್ಟರ್ ಪಕ್ಕದಲ್ಲೇ ನಿಂತು ಎರಡು ದಿನ ಕಲಿಸಿದರು. ಮಗು ಬೆಳೆದಂತೆ ಪ್ರತಿ ಭೇಟಿಯಲ್ಲೂ ತೂಕ ನೋಡಿ ಡೋಸ್ ಸರಿಮಾಡಿದೆ. 6 ವಾರಕ್ಕೆ ಡಾಪ್ಲರ್‌ನಲ್ಲಿ ಒತ್ತಿದಾಗ ಅಭಿಧಮನಿ ಪೂರ್ತಿ ಚಪ್ಪಟೆಯಾಯಿತು. ಟೇಪ್‌ನಲ್ಲಿ ಎರಡೂ ತೊಡೆ ಒಂದೇ ಅಳತೆ.