ದುರ್ಗದ ಬಿಸಿಲಲ್ಲಿ ಗಿಡಗಳಿಗೆ ನೀರು: ನನ್ನ ಅನುಭವ

ಚಿತ್ರದುರ್ಗದ ಬೇಸಿಗೆ ಬಗ್ಗೆ ಇಲ್ಲಿನವರಿಗೆ ಹೇಳಬೇಕಿಲ್ಲ. ನಮ್ಮ ಮನೆ ಕೋಟೆ ಕಡೆಗಿದೆ. ಹಗಲೆಲ್ಲ ಕಾದ ಬಂಡೆ ರಾತ್ರಿ ಊಟ ಆದ ಮೇಲೂ ಝಳ ಬಿಡುತ್ತಿರುತ್ತದೆ. ಅದಕ್ಕೇ ನಾನು ಸಂಜೆ ನೀರು ಹಾಕೋದಿಲ್ಲ. ಬೆಳಗ್ಗೆ ಬಿಸಿಲೇರುವ ಮೊದಲು ಮುಗಿಸುತ್ತೇನೆ. ಮಣ್ಣು ಆಗ ತಣ್ಣಗಿರುತ್ತದೆ, ಹಾಕಿದ ನೀರು ಆವಿಯಾಗದೆ ಕೆಳಗಿಳಿಯುತ್ತದೆ.

ಹಿತ್ತಲಲ್ಲಿ ಮಾವು, ನಿಂಬೆ, ದಾಳಿಂಬೆ, ಕರಿಬೇವು ಇವೆ. ಇವಕ್ಕೆ ದಿನಾ ಬುಡಕ್ಕೆ ಒಂದೊಂದು ಕೊಡ ಸುರಿಯೋದು ಸುಮ್ನೆ ದಂಡ. ಮೇಲಿನ ಎರಡು ಇಂಚು ಒದ್ದೆಯಾಗುತ್ತೆ, ಮಧ್ಯಾಹ್ನಕ್ಕೆ ಒಣಗುತ್ತೆ. ಬೇರೂ ಆ ತೇವಕ್ಕೆ ಮೇಲೇ ಉಳಿದು ಬಿಸಿಲಿಗೆ ಬೇಯುತ್ತೆ. ನೀರು ಹೀರುವ ಸಣ್ಣ ಬೇರುಗಳು ಕಾಂಡದ ಪಕ್ಕ ಜಾಸ್ತಿ ಇರೋದೂ ಇಲ್ಲ, ಕೊಂಬೆ ಹರಡಿದಷ್ಟು ದೂರಕ್ಕೆ ಹೋಗಿರುತ್ತವೆ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿ ಮೇಲೇ ಇರ್ತಾನಲ್ವಾ, ನಡುಮಧ್ಯಾಹ್ನ ಮರದ ನೆರಳಿನ ಅಂಚು ಎಲ್ಲಿ ಬೀಳುತ್ತೋ ಅಲ್ಲೇ ಗುದ್ದಲಿಯಲ್ಲಿ ಗೆರೆ ಎಳೆದು ಪಾತಿ ಮಾಡಿದೆ.

ಎಷ್ಟು ನೀರು? ನಿಂಬೆಯ ನೆರಳು ಸುಮಾರು 2 ಮೀಟರ್ ಅಗಲ, ಅಂದರೆ 3 ಚದರ ಮೀಟರ್ ಜಾಗ. ಚದರ ಮೀಟರಿಗೆ 1 ಮಿಲಿಮೀಟರ್ ನೀರು ಅಂದರೆ 1 ಲೀಟರ್. ದಿನಕ್ಕೆ 5 ಮಿಲಿಮೀಟರ್ ಆರುತ್ತೆ ಅಂತ ಹಿಡಿದರೆ 15 ಲೀಟರ್. ಅದನ್ನು ದಿನಾ ಕೊಡುವ ಬದಲು ಐದು ದಿನಕ್ಕೊಮ್ಮೆ 75 ಲೀಟರ್ ಕೊಡುತ್ತೇನೆ. ಪೈಪನ್ನು ಸಣ್ಣಗೆ ಬಿಟ್ಟು, ಪಾತಿಯಲ್ಲಿ ನೀರು ನಿಲ್ಲದೆ ಇಂಗುವ ಹಾಗೆ. ಮುಗಿದ ಮೇಲೆ ಕಬ್ಬಿಣದ ಸರಳು ಚುಚ್ಚಿ ನೋಡುತ್ತೇನೆ. ಒದ್ದೆ ಇರುವವರೆಗೆ ಸರಳು ಸಲೀಸಾಗಿ ಇಳಿಯುತ್ತೆ, ಒಣ ಮಣ್ಣು ಸಿಕ್ಕಲ್ಲಿ ಟಕ್ಕಂತ ನಿಲ್ಲುತ್ತೆ. ಒಂದೂವರೆ ಅಡಿ ಇಳಿದರೆ ಸಾಕು. ನಮ್ಮದು ಕೆಮ್ಮಣ್ಣು, ಬೇಗ ಬಸಿಯುತ್ತೆ. ಎರೆ ಮಣ್ಣಿನವರು ಇನ್ನೂ ಎರಡು ದಿನ ತಡೆಯಬಹುದು.

ದಾಳಿಂಬೆಯಲ್ಲಿ ಕಾಯಿ ಇದ್ದಾಗ ಮಾತ್ರ ಈ ಲೆಕ್ಕ ತಪ್ಪಿಸಬೇಡಿ. ಒಣಗಿಸಿ ಒಮ್ಮೆಲೇ ಜಾಸ್ತಿ ನೀರು ಬಿಟ್ಟರೆ ಕಾಯಿ ಸೀಳುತ್ತೆ.

ಪಾತಿ ಮೇಲೆ ಮುಚ್ಚಿಗೆ ಬೇಕೇ ಬೇಕು. ಚಳ್ಳಕೆರೆ ಕಡೆ ಎಣ್ಣೆ ಮಿಲ್ಲುಗಳಿರೋದರಿಂದ ನಮಗೆ ಶೇಂಗಾ ಸಿಪ್ಪೆಗೆ ಬರವಿಲ್ಲ. ನಾಲ್ಕು ಬೆರಳು ದಪ್ಪ ಹರಡಿ, ಆದರೆ ಕಾಂಡದಿಂದ ಒಂದು ಗೇಣು ದೂರ ಬಿಡಿ, ಇಲ್ಲಾಂದ್ರೆ ಗೆದ್ದಲು ನೇರ ತೊಗಟೆಗೆ ಹತ್ತುತ್ತೆ. ಮಧ್ಯಾಹ್ನ ಮೂರಕ್ಕೂ ಕೈ ಹಾಕಿ ನೋಡಿ, ಸಿಪ್ಪೆಯ ಮೇಲೆ ಕೈ ಸುಡುತ್ತೆ, ಕೆಳಗಿನ ಮಣ್ಣು ತಂಪು.

ಕುಂಡಗಳ ಕಥೆ ಬೇರೆ, ಅವಕ್ಕೆ ದಿನಾ ಬೇಕು. ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಗೋಡೆಗೆ ಸಾಲಾಗಿ ಸರಿಸಿಬಿಟ್ಟಿದ್ದೇನೆ. ಹಗಲು ಪೈಪ್ ಬಳಸಲೇಬೇಕಾದರೆ ಮೊದಲು ಬರುವ ನೀರನ್ನು ಬಕೆಟ್ಟಿಗೆ ಹಿಡಿಯಿರಿ, ಕೈ ಇಡಕ್ಕಾಗದಷ್ಟು ಬಿಸಿ ಇರುತ್ತೆ. ದಾಸವಾಳದ ಎಲೆ ಮಧ್ಯಾಹ್ನ ಜೋತು ಬಿದ್ದ ತಕ್ಷಣ ಓಡಬೇಡಿ. ಸಂಜೆಗೆ ತಾನೇ ಎದ್ದರೆ ಅದು ಬಾಯಾರಿಕೆಯಲ್ಲ, ಬರೀ ಬಿಸಿಲಿನ ಸುಸ್ತು. ಬೆಳಗ್ಗೆಯೂ ಜೋತಿದ್ದರೆ ಮಾತ್ರ ದಿನದ ನೀರಿಗಿಂತ ಹೆಚ್ಚು ಕೊಡಿ.

ಮೇ ತಿಂಗಳಲ್ಲಿ ಗುಡುಗಿ ನಾಲ್ಕು ಹನಿ ಬಿದ್ದ ಕೂಡಲೇ ಎಲ್ಲರೂ ಪೈಪ್ ಸುತ್ತಿಡುತ್ತಾರೆ. ನಾನು ಮೊದಲು ಸರಳು ಚುಚ್ಚುತ್ತೇನೆ. ಅಂಥ ಮಳೆ ಎಷ್ಟೋ ಸಲ ಸಿಪ್ಪೆ ದಾಟಿ ಮಣ್ಣಿಗೇ ಇಳಿದಿರೋದಿಲ್ಲ.