ತೆರಿಗೆ ರಿಟರ್ನ್ ವಾಪಸ್ ಬಂದಾಗ ನಾನು ಮಾಡಿದ್ದು

ಅಮೆರಿಕದಲ್ಲಿ ಸ್ವಂತ ಕೆಲಸ ಮಾಡುತ್ತೇನೆ. ಆರೋಗ್ಯ ವಿಮೆ ಹೆಲ್ತ್‌ಕೇರ್ ಡಾಟ್ ಗವ್‌ನದು, ಅಂದರೆ ಖಾಸಗಿ ಕಂಪನಿಗಳ ವಿಮೆ ಕೊಳ್ಳುವ ಸರ್ಕಾರಿ ತಾಣದ್ದು. ಪ್ರೀಮಿಯಂನ ಒಂದು ಪಾಲನ್ನು ಸರ್ಕಾರವೇ ಪ್ರತಿ ತಿಂಗಳೂ ಕಂಪನಿಗೆ ಕಟ್ಟುತ್ತಿತ್ತು. ಸಬ್ಸಿಡಿ ಅಂದುಕೊಂಡು ಸುಮ್ನೆ ಇದ್ದೆ. ಈ ಸಲ ನಾನು ಕಳಿಸಿದ ತೆರಿಗೆ ರಿಟರ್ನ್ ತಿರಸ್ಕೃತವಾಗಿ ವಾಪಸ್ ಬಂತು. ಎದೆ ಧಸಕ್ಕೆಂದಿತು.

ಆ ಸಬ್ಸಿಡಿ ಮುಂಗಡ ತೆರಿಗೆ ಕ್ರೆಡಿಟ್ ಅಂತೆ, ಅಂದರೆ ತೆರಿಗೆಯಲ್ಲಿ ಸಿಗಬೇಕಾದ ರಿಯಾಯಿತಿಯನ್ನು ಮೊದಲೇ ಕೊಡುವುದು. ನಾನು ಅಂದಾಜಿನಲ್ಲಿ ಹೇಳಿದ ಆದಾಯ ನೋಡಿ ಕೊಟ್ಟದ್ದು. ವರ್ಷ ಮುಗಿದ ಮೇಲೆ ನಿಜವಾದ ಆದಾಯಕ್ಕೆ ತಾಳೆ ಹಾಕಲೇಬೇಕು. ಅದಕ್ಕೇ ಫಾರ್ಮ್ 8962 ಇರುವುದು. ನಾನು ಅದನ್ನೇ ಬಿಟ್ಟಿದ್ದೆ.

ಆ ವಿಮೆ ತಾಣದ ನನ್ನ ಖಾತೆಯಿಂದ 1095-ಎ ಎಂಬ ವರ್ಷದ ವಿಮೆ ಲೆಕ್ಕದ ಫಾರ್ಮ್ ಇಳಿಸಿಕೊಂಡೆ. ತಿಂಗಳಿಗೊಂದು ಸಾಲು, ಮೂರು ಕಾಲಂ: ನನ್ನ ಪ್ಲಾನ್‌ನ ಪ್ರೀಮಿಯಂ, ನನ್ನ ಕಡೆ ಸಿಗುವ ಎರಡನೇ ಅಗ್ಗದ ಸಿಲ್ವರ್ (ಮಧ್ಯಮ ದರ್ಜೆಯ) ಪ್ಲಾನ್‌ನ ಪ್ರೀಮಿಯಂ, ಕೊಟ್ಟ ಮುಂಗಡ. ಕ್ರೆಡಿಟ್ ಲೆಕ್ಕಕ್ಕೆ ನಡುವಿನದೇ ಅಳತೆಗೋಲು. 8962 ತುಂಬಿ ಮತ್ತೆ ಕಳಿಸಿದೆ, ಸ್ವೀಕಾರವಾಯಿತು. ಆದಾಯ ಅಂದಾಜಿಗಿಂತ ಜಾಸ್ತಿಯಾಗಿತ್ತು, ಅದಕ್ಕೇ ಸ್ವಲ್ಪ ಹಣ ಹಿಂದಿರುಗಿಸಿದೆ. ಈಗ ಹೊಸ ಕೆಲಸ ಸಿಕ್ಕ ವಾರವೇ ಆ ತಾಣದ ಖಾತೆಯಲ್ಲಿ ಆದಾಯದ ಅಂದಾಜು ತಿದ್ದುತ್ತೇನೆ.